ಗೋಲ್‌ಕೀಪರ್ ಮನೆಯ ಕಾಗದಗಳು

ನಮ್ಮೂರಿನಲ್ಲಿ ಎಲ್ಲರೂ ಮೊಲಿನಾಗಳೇ. ಇಡ್ಲಿ ಮಾರುವ ಸಾಕಮ್ಮ ಮೊಲಿನಾ, ಕ್ಷೌರದ ಅಂಗಡಿಯ ಗುರುಸಿದ್ದ ಮೊಲಿನಾ, ಬುಟ್ಟಿ ಹೆಣೆಯುವ ನಾನು, ಮಾದೇಶ ಮೊಲಿನಾ. ಇದು ಸ್ಪೇನ್ ಕಡೆಯ ಹೆಸರು, ಅಲ್ಲಿ ಬೀದಿಗೆ ನಾಲ್ಕು ಮನೆ ಮೊಲಿನಾಗಳಿರುತ್ತಾರೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಮಗೆ ಹೇಗೆ ಅಂಟಿಕೊಂಡಿತು ಎಂದು ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ನಿನ್ನ ಮೂಗು ನಿನಗೆ ಹೇಗೆ ಅಂಟಿಕೊಂಡಿತು ಎಂದು ತಿರುಗಿ ಕೇಳುತ್ತಾರೆ.

ಸೋಮವಾರ ಮತ್ತು ಗುರುವಾರ ಹೊಳೆಯ ಆಚೆ ದಡದಿಂದ ಹರಿಗೋಲಿನಲ್ಲಿ ಅಂಚೆ ಚೀಲ ಬರುತ್ತದೆ. ಲೋಕದಲ್ಲಿ ಹೆಸರು ಮಾಡಿದ ಮೊಲಿನಾಗಳಿಗೆ ಜನ ಬರೆದ ಕಾಗದಗಳೆಲ್ಲ ಅದರಲ್ಲಿರುತ್ತವೆ. ಗಾಯಕಿ ಮೊಲಿನಾಗೆ ಬರೆದದ್ದು, ಬಾಕ್ಸರ್ ಮೊಲಿನಾಗೆ ಬರೆದದ್ದು, ಹೊಸ ನಕ್ಷತ್ರ ಕಂಡುಹಿಡಿದ ಮೊಲಿನಾಗೆ ಬರೆದದ್ದು. ಅವರಿಗೆ ತಲುಪಬೇಕಾದದ್ದು ನಮ್ಮೂರಿಗೆ ಬಂದು ಬೀಳುತ್ತದೆ. ಲಕೋಟೆಯ ಮೇಲೆ ಯಾವ ದೇಶದ ಅಂಚೆಚೀಟಿಯೇ ಇರಲಿ, ಒಡೆದರೆ ನಮಗೆ ಓದಲು ಬರುತ್ತದೆ. ನಾವು ಬರೆದದ್ದು ಅವರಿಗೂ ಅರ್ಥವಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಮ್ಮನಂಥವರಿಗೆ ಮಾತ್ರ ಆ ಭಾಗ್ಯವೂ ಇಲ್ಲ.

ಒಬ್ಬೊಬ್ಬ ಹೆಸರಾಂತ ಮೊಲಿನಾಗೆ ಊರಿನ ಒಂದೊಂದು ಮನೆ ನಿಗದಿಯಾಗಿದೆ. ಆ ಮನೆಯವರು ಅವರ ಪರವಾಗಿ, ಅವರ ಹೆಸರಿನಲ್ಲೇ ಉತ್ತರ ಬರೆಯಬೇಕು. ಕೊನೆಗೆ ಮನೆಗೂ ಅದೇ ಹೆಸರು ನಿಲ್ಲುತ್ತದೆ. ಗುರುಸಿದ್ದನದು ಗಾಯಕಿ ಮನೆ. ಅವನು ಬಾಯಿ ತೆರೆದು ಹಾಡಿದರೆ ಕುರ್ಚಿಯಲ್ಲಿ ಕೂತ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಹೋಗುತ್ತಾನೆ. ಆದರೆ ಅವನು ಬರೆದ ಉತ್ತರ ಓದಿ ಅತ್ತವರು ಎಷ್ಟೋ ಜನ. ಸಾಕಮ್ಮನದು ನಕ್ಷತ್ರದ ಮನೆ. ಅಂಚೆ ಕೋಣೆಯ ಬೀಗದ ಕೈಯೂ ಅವಳ ಸೊಂಟದಲ್ಲೇ ಇರುತ್ತದೆ. ಬಂದ ಕಾಗದಕ್ಕೆ ಉತ್ತರ ಬರೆಯದೆ ಬಿಡುವಂತಿಲ್ಲ, ಇದೊಂದೇ ನಮ್ಮೂರಿನ ಕಟ್ಟಳೆ. ಬರೆಯುವಾಗ ಕೆಳಗೆ ಕಾರ್ಬನ್ ಹಾಳೆ ಇಟ್ಟು ನಕಲು ತೆಗೆದು, ಬಂದ ಕಾಗದದ ಜೊತೆ ಪಿನ್ನು ಚುಚ್ಚಿ ಟ್ರಂಕಿನಲ್ಲಿ ಇಡುತ್ತೇವೆ. ಹೆಸರಿನ ಯಜಮಾನರೇ ಬಂದು ಕೇಳಿದರೆ ಟ್ರಂಕನ್ನು ಅವರಿಗೆ ಒಪ್ಪಿಸಿಬಿಡಬೇಕು ಎನ್ನುವ ಮಾತೂ ಇತ್ತು. ಯಾರೂ ಯಾವತ್ತೂ ಬಂದಿರಲಿಲ್ಲವಾದ್ದರಿಂದ ನಾವು ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ನಮ್ಮದು ಗೋಲ್‌ಕೀಪರ್ ಮನೆ. ಹಾಗೆಂದು ನಮ್ಮ ವಂಶದಲ್ಲಿ ಯಾರೂ ಫುಟ್‌ಬಾಲ್ ಮುಟ್ಟಿದವರಲ್ಲ. ಅಪ್ಪ, ನಿಂಗಯ್ಯ ಮೊಲಿನಾ, ಹರಿಗೋಲು ನಡೆಸುತ್ತಿದ್ದ. ನನಗೆ ಒಂಬತ್ತು ವರ್ಷವಾಗಿದ್ದಾಗ, ಸಂತೆ ಮುಗಿಸಿ ಬರುವಾಗ ನಡುಹೊಳೆಯ ಸುಳಿಯಲ್ಲಿ ಹರಿಗೋಲು ಗರಗರ ತಿರುಗಿ, ನಾಲ್ಕು ವರ್ಷದ ನನ್ನ ತಂಗಿ ಚಂದ್ರಿ ನೀರಿಗೆ ಹೋದಳು. ಹರಿಗೋಲಿನಲ್ಲಿ ಅಪ್ಪ, ಅಮ್ಮ, ಅವಳು ಮೂವರೇ ಇದ್ದದ್ದು. ನಾನು ಜ್ವರ ಬಂದು ಅಜ್ಜಿಯ ಹತ್ತಿರ ಮಲಗಿದ್ದೆ. ಆಮೇಲೆ ಅಪ್ಪ ಹುಟ್ಟು ಹಿಡಿಯಲಿಲ್ಲ. ಹರಿಗೋಲು ಹೆಣೆದು ಗೊತ್ತಿದ್ದ ಕೈ, ಜಗಲಿಯ ಮೇಲೆ ಬುಟ್ಟಿ ಹೆಣೆಯಲು ಕೂತಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಅಮ್ಮ ಎತ್ತಲಿಲ್ಲ ಎಂದು ಅಪ್ಪ ಎತ್ತಲಿಲ್ಲ, ಅಪ್ಪ ಎತ್ತಲಿಲ್ಲ ಎಂದು ಅಮ್ಮ ಎತ್ತಲಿಲ್ಲ, ಇಬ್ಬರನ್ನೂ ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಅದೇ ವರ್ಷ ಗೋಲ್‌ಕೀಪರ್ ಮೊಲಿನಾಗೆ ಕಾಗದಗಳು ಬರತೊಡಗಿದವು. ಯಾವುದೋ ದೊಡ್ಡ ಪಂದ್ಯದ ಕೊನೆಯ ನಿಮಿಷದಲ್ಲಿ ಅವರು ಗೋಲು ಬಿಟ್ಟುಕೊಟ್ಟು ಅವರ ದೇಶ ಸೋತಿತ್ತಂತೆ. ಚೀಲದ ತುಂಬ ಬೈಗುಳ. ನಿನ್ನ ಕೈಗೆ ಹುಳ ಬೀಳಲಿ ಎನ್ನುವಲ್ಲಿಂದ ಶುರುವಾಗಿ ಏಳು ತಲೆಮಾರಿನವರೆಗೂ ಹೋಗುತ್ತಿತ್ತು. ಅರಳಿಕಟ್ಟೆಯ ಮುಂದೆ ಸೇರಿದ ಊರವರು ಈ ಶನಿಯನ್ನು ಯಾರು ಮನೆಗೆ ಕರೆದುಕೊಳ್ಳುತ್ತಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಕೂತಿದ್ದ ಅಪ್ಪ ಎದ್ದು, "ನಾನು ತಗತೀನಿ" ಎಂದ. ತಿಂಗಳುಗಟ್ಟಲೆ ಬಾಯಿ ಬಿಡದಿದ್ದವನು ಅಂದು ಆಡಿದ್ದು ಅದೊಂದೇ ಮಾತು.

ಮೊದಲ ಕಾಗದ ಒಬ್ಬ ಬೇಕರಿಯವನದು. ಅವನ ಮಗ ಎರಡು ದಿನ ಊಟ ಬಿಟ್ಟು ಅತ್ತಿದ್ದನಂತೆ. ಅದಕ್ಕೆ ಅಪ್ಪ ಬರೆದ ಉತ್ತರದ ನಾಲ್ಕು ಸಾಲುಗಳೇ ಮುಂದೆ ನಮ್ಮ ಮನೆಯ ಮಾದರಿಯಾದವು. "ಕೈಗೆ ಬಂದಿತ್ತು. ಎರಡೂ ಕೈಯಲ್ಲಿ ಹಿಡಿದಿದ್ದೆ. ಹೇಗೆ ಜಾರಿತೋ ಇವತ್ತಿಗೂ ತಿಳಿಯದು. ಸಾಧ್ಯವಾದರೆ ಕ್ಷಮಿಸಿ." ಇದನ್ನು ಓದಿದವರು ಎರಡನೇ ಕಾಗದ ಬರೆಯುತ್ತಿದ್ದರು, ಅದರಲ್ಲಿ ಬೈಗುಳ ಇರುತ್ತಿರಲಿಲ್ಲ. ಮೂರನೆಯದರಲ್ಲಿ ಹೆಂಡತಿಯ ಮಂಡಿನೋವು, ಮಗಳ ಮದುವೆ ಎಲ್ಲ ಬರುತ್ತಿತ್ತು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಅಂದಿನಿಂದ ನಾನು ಅವನ ಆ ಮಾತುಗಳನ್ನೇ ಇದ್ದ ಹಾಗೆ ಇಳಿಸಿ ಕಳಿಸುತ್ತಿದ್ದೇನೆ. ಬಾಯಿಪಾಠವಾಗಿದೆ. ನಿಜ ಹೇಳಬೇಕೆಂದರೆ, ಆ ಮಾತುಗಳ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಹೋದ ಮಾಘದ ಒಂದು ಸೋಮವಾರ, ಅಂಚೆ ಚೀಲದ ಜೊತೆ ಹರಿಗೋಲಿನಿಂದ ಒಬ್ಬ ಉದ್ದನೆಯ ಮುದುಕರು ಇಳಿದರು. ಸಾಕಮ್ಮ ಅವರನ್ನು ನಮ್ಮ ಜಗಲಿಯವರೆಗೆ ಕರೆತಂದು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೇಳಿದಳು.

"ಮಾದೇಶ, ನಿಮ್ಮನೆಯೋರು ಬಂದವ್ರೆ ನೋಡಪ್ಪ."

"ಯಾರು ಸಾಕಮ್ಮ?"

"ಇನ್ಯಾರು, ಗೋಲ್‌ಕೀಪರು."

ನನ್ನ ಕೈಯಲ್ಲಿದ್ದ ಬಿದಿರು ಸೀಳು ಹಾಗೇ ನಿಂತಿತು. ಅವರ ಮಾತೂ ಕಾಗದದ ಹಾಗೆಯೇ, ಕಿವಿಗೆ ಬಿದ್ದೊಡನೆ ಅರ್ಥವಾಗುತ್ತಿತ್ತು. ಕೂರಿ ಎಂದರೆ ಕೂರಲಿಲ್ಲ. ಕೋಟಿನ ಜೇಬಿನಿಂದ ಮಡಿಕೆ ಬಿಟ್ಟುಹೋದ ಒಂದು ಹಳೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು. ಅಪ್ಪನ ಅಕ್ಷರ. ಬೇಕರಿಯವನಿಗೆ ಬರೆದ ಆ ಮೊದಲ ಉತ್ತರ.

"ಇದನ್ನ ಬರೆದವರು ಯಾರು?"

"ನಮ್ಮಪ್ಪ. ಈಗಿಲ್ಲ ಸ್ವಾಮಿ."

"ನಲವತ್ತೆರಡು ವರ್ಷ ನಾನು ಒಬ್ಬರಿಗೂ ಕ್ಷಮೆ ಕೇಳಿಲ್ಲ" ಎಂದರು. "ಪತ್ರಿಕೆಯವರು ಕೇಳಿದರು, ಹೇಳಲಿಲ್ಲ. ಜೊತೆಗಾರರು ಕೇಳಿದರು, ಹೇಳಲಿಲ್ಲ. ನನ್ನ ಹೆಂಡತಿ ಕೇಳಿದಳು, ಅವಳಿಗೂ ಹೇಳಲಿಲ್ಲ. ನಾನು ಆವತ್ತು ಮೈಯಲ್ಲಿದ್ದದ್ದೆಲ್ಲ ಹಾಕಿ ಆಡಿದ್ದೆ. ತಪ್ಪೇ ಮಾಡದೆ ಯಾಕೆ ಕೇಳಲಿ? ಹೋದ ತಿಂಗಳು ಸಂತೆಯಲ್ಲಿ ಒಬ್ಬ ಮುದುಕ ಬಂದು ನನ್ನನ್ನ ತಬ್ಬಿಕೊಂಡು ಅತ್ತ. ನಿನ್ನನ್ನ ಯಾವತ್ತೋ ಕ್ಷಮಿಸಿಬಿಟ್ಟೆ ಅಂತ ಈ ಕಾಗದ ನನ್ನ ಕೈಗಿಟ್ಟ. ನಾನು ಬರೆಯದ ಕಾಗದ, ಕೆಳಗೆ ನನ್ನ ಹೆಸರು."

ಅವರ ದನಿ ಏರಲಿಲ್ಲ. ಏರಿದ್ದರೆ ನನಗೂ ನಾಲ್ಕು ಮಾತು ಆಡಲು ಧೈರ್ಯ ಬರುತ್ತಿತ್ತೋ ಏನೋ.

"ಇನ್ನೂ ಎಷ್ಟು ಜನಕ್ಕೆ ಹೀಗೆ ಬರೆದಿದ್ದೀರಿ?"

"ಒಂದು ಸಾವಿರದ ಚಿಲ್ಲರೆ ಜನಕ್ಕೆ."

"ಅವರ ವಿಳಾಸಗಳು ಬೇಕು. ಒಬ್ಬೊಬ್ಬರಿಗೂ ಬರೆಯುತ್ತೇನೆ. ಅದು ನಾನಲ್ಲ, ನಾನು ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ ಅಂತ."

ಸಾವಿರ ಜನ ಬೈದು, ಸುಸ್ತಾಗಿ, ಕ್ಷಮಿಸಿ, ಮಗಳ ಮದುವೆಯ ಸುದ್ದಿ ಬರೆದು ಹಗುರಾಗಿದ್ದರು. ಅವರಿಗೆಲ್ಲ ಈಗ, ನೀವು ನಂಬಿದ್ದು ಸುಳ್ಳು ಎಂದು ಇನ್ನೊಂದು ಕಾಗದ ಹೋಗುತ್ತದೆ. ನಮ್ಮಪ್ಪ ತನ್ನ ಜೀವಮಾನದಲ್ಲಿ ಬುಟ್ಟಿ ಹೆಣೆದದ್ದು ಬಿಟ್ಟರೆ ಮಾಡಿದ್ದು ಅದೊಂದೇ ಕೆಲಸ. ಅದು ಮೋಸದ ಕೆಲಸವಾಗಿಬಿಡುತ್ತದೆ. ಆದರೆ ಯಜಮಾನರೇ ಬಂದು ಕೇಳಿದ ಮೇಲೆ ಇಲ್ಲವೆನ್ನುವ ಹಾಗಿರಲಿಲ್ಲ. ಒಳಗೆ ಹೋಗಿ ಟ್ರಂಕನ್ನು ಎಳೆದು ತಂದು ಅವರ ಮುಂದಿಟ್ಟೆ.

"ಮೊದಲು ಓದಿ ಸ್ವಾಮಿ. ಆಮೇಲೆ ನಿಮ್ಮಿಷ್ಟ" ಎಂದೆ.

ಅವರು ಜಗಲಿಯ ಕಂಬಕ್ಕೆ ಒರಗಿ ಕೂತು ಓದಲು ಶುರುಮಾಡಿದರು. ಅಮ್ಮ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಮ್ಮನಿಗೆ ಎಂಬತ್ತು ಹತ್ತಿರ. ಬಂದವರು ಯಾರು, ಏನು ಜಗಳ ಎಂದು ಕೇಳಲಿಲ್ಲ. ಬಂದವರು ಉಂಡು ಹೋಗಬೇಕು, ಅಷ್ಟೇ ಅವಳ ಲೆಕ್ಕ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಬಡಿಸಿದೆವು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹೇಳಿಕೊಟ್ಟರೂ ಅವರು ಪಾಪ ಅರ್ಧ ಗಂಟೆ ಅಗಿದರು. ಅಮ್ಮ ಸೆರಗಿನ ಮರೆಯಲ್ಲಿ ನಕ್ಕಳು.

ಉಂಡ ಮೇಲೆ ಮಜ್ಜಿಗೆ ಕೊಡಲು ಹೋದಾಗ ಅಮ್ಮನ ಕೈಯಿಂದ ಲೋಟ ಜಾರಿತು. ಕಾಗದದಿಂದ ಕಣ್ಣೂ ಎತ್ತದೆ ಅವರು ಎಡಗೈ ಚಾಚಿ ನೆಲಕ್ಕೆ ಒಂದು ಗೇಣಿರುವಾಗ ಹಿಡಿದರು. ಒಂದು ಹನಿ ಮಾತ್ರ ಚೆಲ್ಲಿತು.

ಅಮ್ಮ ಆ ಕೈಯನ್ನೇ ನೋಡುತ್ತ ನಿಂತಳು. "ನಮ್ಮ ಯಜಮಾನ್ರ ಕೈಯೂ ಹಿಂಗೇ ಇತ್ತು" ಎಂದಳು. "ಹಿಡಿದ್ರೆ ಬುಡ್ತಿರ್ಲಿಲ್ಲ." ಅಷ್ಟು ಹೇಳಿ ಏನೋ ನೆನಪಾದವಳಂತೆ ಮತ್ತೆ ಬಾಗಿಲ ಬಳಿ ಹೋಗಿ ರಾತ್ರಿಯ ಸೊಪ್ಪು ಬಿಡಿಸಲು ಕೂತಳು.

ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಅವರು ನೂರಿನ್ನೂರು ಕಾಗದ ಓದಿರಬೇಕು. ಕೆಲವನ್ನು ಓದಿ ಮುಗುಳ್ನಕ್ಕರು, ಒಂದೆರಡನ್ನು ಓದಿ ಕಿವಿ ಕೆಂಪಾಗಿಸಿಕೊಂಡರು. ಕೊನೆಗೆ ತಾವೇ ತಂದಿದ್ದ ಆ ಮೊದಲ ಉತ್ತರವನ್ನು ಮತ್ತೆ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದರು.

"ನಿಮ್ಮ ತಂದೆ ಆ ಪಂದ್ಯದ ವಿಷಯ ಯಾರ ಹತ್ತಿರ ಕೇಳಿ ಬರೆದರು?"

"ಯಾರ ಹತ್ರಾನೂ ಇಲ್ಲ ಸ್ವಾಮಿ. ನಮ್ಮೂರಲ್ಲಿ ಅದನ್ನ ನೋಡಿದವರು ಯಾರಿದಾರೆ?"

"ಚೆಂಡು ನನ್ನ ಕೈಗೆ ಸೋಕಲೇ ಇಲ್ಲ" ಎಂದರು ಅವರು. "ನಾನು ಎಡಕ್ಕೆ ಹಾರಿದೆ, ಅದು ಬಲಕ್ಕೆ ಹೋಯಿತು. ಮಧ್ಯೆ ಎರಡು ಮಾರು ದೂರ. ಇಡೀ ದೇಶವೇ ನೋಡಿದೆ. ಆ ಬೇಕರಿಯವನೂ ನೋಡಿದ್ದಾನೆ. ಇವನು ಏನು ಹೀಗೆ ಬರೆದಿದ್ದಾನೆ ಅನ್ನಿಸಲಿಲ್ಲವೇ ಅಂತ ಕೇಳಿದೆ. ಅನ್ನಿಸಿತು, ಆದರೆ ಹೀಗೆ ಬರೆದವನ ಮೇಲೆ ಸಿಟ್ಟು ಇಟ್ಟುಕೊಳ್ಳಲು ಆಗಲಿಲ್ಲ ಅಂದ."

ಅವರು ಕಾಗದವನ್ನು ನನ್ನ ಕೈಗಿತ್ತರು.

"ಪೂರ್ತಿ ಓದಿ. ಗಟ್ಟಿಯಾಗಿ ಓದಿ."

ಮಾದರಿಯ ನಾಲ್ಕು ಸಾಲು ಬಿಟ್ಟರೆ ಉಳಿದದ್ದನ್ನು ನಾನು ಎಷ್ಟೋ ವರ್ಷದಿಂದ ಓದಿರಲಿಲ್ಲ. ಓದಿದೆ.

"ಕೈಗೆ ಬಂದಿತ್ತು. ಎರಡೂ ಕೈಯಲ್ಲಿ ಹಿಡಿದಿದ್ದೆ. ಬೆಚ್ಚಗಿತ್ತು. ಹೇಗೆ ಜಾರಿತೋ ಇವತ್ತಿಗೂ ತಿಳಿಯದು. ನನ್ನ ಗಮನ ಬೇರೆಲ್ಲೂ ಇರಲಿಲ್ಲ. ನನ್ನವಳು ಎದುರಿಗೇ ಕೂತು ನೋಡುತ್ತಿದ್ದಳು. ಅಂದಿನಿಂದ ಅವಳ ಮುಖ ನೋಡಲು ನನ್ನಿಂದ ಆಗಿಲ್ಲ. ಮನೆಯಲ್ಲಿ ಈ ಮಾತು ಎತ್ತುವ ಧೈರ್ಯವಿಲ್ಲದೆ ಗುರುತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನೀವು ಬೈದದ್ದು ಸರಿಯಾಗಿಯೇ ಇದೆ. ಅವಳು ಒಂದು ಮಾತೂ ಬೈಯಲಿಲ್ಲ. ಸಾಧ್ಯವಾದರೆ ಕ್ಷಮಿಸಿ."

ಬೆಚ್ಚಗಿತ್ತು ಎನ್ನುವಲ್ಲಿಗೇ ನನಗೆ ತಿಳಿದಿತ್ತು, ಅದು ಚೆಂಡಲ್ಲ. ಮುಂದಿನದನ್ನು ಹೇಗೆ ಓದಿದೆನೋ ದೇವರೇ ಬಲ್ಲ. ಇಪ್ಪತ್ತು ವರ್ಷ, ವಾರಕ್ಕೆ ಎರಡು ಸಲ, ನಾನು ನನ್ನ ತಂಗಿಯ ವಿಷಯವನ್ನು ಕಾರ್ಬನ್ ಹಾಳೆಯ ಮೇಲೆ ಬರೆದು ಲೋಕಕ್ಕೆಲ್ಲ ಕಳಿಸಿದ್ದೆ, ನನಗೆ ತಿಳಿಯದೆಯೇ. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಅವನು ಬದುಕಿದ್ದಾಗಲೂ ಉಕ್ಕಿರಲಿಲ್ಲ. ಹೇಳಿಕೊಳ್ಳಲು ಜಾಗವಿಲ್ಲದೆ ಬೇರೆಯವರ ಬೈಗುಳವನ್ನು ಬೇಡಿ ಮನೆಗೆ ತಂದುಕೊಂಡಿದ್ದನಲ್ಲ ಅವನು, ಬೈಸಿಕೊಳ್ಳಬೇಕು ಎನ್ನುವ ಒಂದೇ ಆಸೆಯಿಂದ.

ಬಾಗಿಲ ಬಳಿ ಸೊಪ್ಪು ಬಿಡಿಸುವ ಸದ್ದು ನಿಂತುಹೋಗಿತ್ತು. ಗೋಲ್‌ಕೀಪರ್ ಎದ್ದರು. ಕಾಗದವನ್ನು ನನ್ನಿಂದ ತೆಗೆದುಕೊಂಡು, ಹಳೆಯ ಮಡಿಕೆಗಳ ಮೇಲೇ ಮಡಿಸಿ, ಅಮ್ಮನ ಮುಂದೆ ಮಂಡಿಯೂರಿ ಅವಳ ಮಡಿಲಲ್ಲಿಟ್ಟರು.

"ಇದು ನನ್ನ ಕಾಗದ ಅಲ್ಲಮ್ಮ. ನಿಮಗೆ ಬಂದದ್ದು. ದಾರಿ ತಪ್ಪಿ ನಮ್ಮೂರ ಕಡೆ ಹೋಗಿತ್ತು."

ಅಮ್ಮ ಅದನ್ನು ಮುಟ್ಟಲಿಲ್ಲ. "ಇನ್ನೊಂದ್ ಸಲ ಓದ್ಲಾ ಮಗ" ಎಂದಳು. ಓದಿದೆ. "ಇನ್ನೊಂದ್ ಸಲ" ಎಂದಳು. ಮೂರನೆಯ ಸಲ ಓದುವಾಗ ಅವಳ ತುಟಿಯೂ ನನ್ನ ಜೊತೆ ಆಡುತ್ತಿತ್ತು.

"ಬಂದ ಕಾಗದಕ್ಕೆ ಉತ್ತರ ಬರೀದೆ ಬುಡಂಗಿಲ್ಲ ಅಲ್ವ" ಎಂದಳು ಕೊನೆಗೆ. "ಪೆನ್ನು ತಗಾ. ನಾನು ಹೇಳ್ದಂಗೇ ಬರಿ, ನಿನ್ನ ಬಣ್ಣ ಹಚ್ಬ್ಯಾಡ."

ಅವಳು ಹೇಳಿದ ಹಾಗೆಯೇ ಬರೆದೆ.

"ನಿಮ್ಮ ಕಾಗದ ಬಂತು. ತಡವಾಯ್ತು, ನನಗೆ ಓದಕ್ಕೆ ಬರಾಕಿಲ್ಲ ಅಂತ ನಿಮಗೇ ಗೊತ್ತು. ಚಂದ್ರಿ ನಿಮ್ಮ ಕೈಯಿಂದ ಜಾರಿದ್ದು ನಾನು ನೋಡಿದೆ. ಸುಳಿ ಅವಳನ್ನ ಎಳೀತು. ನೀವು ಹಿಡಿದಿದ್ದ ಲಂಗದ ಚೂರು ನಿಮ್ಮ ಮುಷ್ಟೀಲೇ ಉಳಿದಿತ್ತು. ದಡಕ್ಕೆ ಬಂದ ಮೇಲೂ ನೀವು ಮುಷ್ಟಿ ಬಿಚ್ಚಲಿಲ್ಲ, ನಾನೇ ಬಿಚ್ಚಿದ್ದು. ಬಿಟ್ಟವರ ಕೈಯಲ್ಲಿ ಬಟ್ಟೆ ಉಳೀತದಾ? ಆ ವರ್ಷ ನನಗೆ ಬಾಯೇ ಬರಲಿಲ್ಲ. ಆಮೇಲೆ ಹೇಳಾಣ ಅಂತ ಬಂದ್ರೆ ನೀವು ಯಾವಾಗಲೂ ಯಾರಿಗೋ ಕಾಗದ ಬರೀತಾ ಕೂತಿರ್ತಿದ್ರಿ. ನಾನು ಬೈಯಲಿಲ್ಲ ಅಂದಿರಲ್ಲ, ಬೈಯಾದು ಏನೂ ಇರಲಿಲ್ಲ. ಕ್ಷಮಿಸು ಅಂತ ನೀವು ಕೇಳಬ್ಯಾಡಿ. ಹೇಳದೆ ಇದ್ದದ್ದಕ್ಕೆ ನಾನು ಕೇಳಬೇಕು."

ಚಂದ್ರಿ ಎನ್ನುವ ಹೆಸರು ನಲವತ್ತೆರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಕೇಳಿಸಿತು. ಮನೆ ಬೀಳಲಿಲ್ಲ. ಅಮ್ಮ ಒಳಗೆ ಹೋಗಿ ಅಕ್ಕಿ ಡಬ್ಬದ ತಳದಿಂದ ಬೆರಳಗಲದ ಹಸಿರು ಬಟ್ಟೆಯ ಚೂರು ತಂದು ತೋರಿಸಿದಳು. ನಾನು ಅತ್ತೆ. ನಾಚಿಕೆಯಾಗಲಿಲ್ಲ.

ಗೋಲ್‌ಕೀಪರ್ ಗುರುವಾರದ ಹರಿಗೋಲು ಬರುವವರೆಗೆ ನಮ್ಮ ಮನೆಯಲ್ಲೇ ಉಳಿದರು. ವಿಳಾಸಗಳ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬುಧವಾರ ಬೆಳಿಗ್ಗೆ ಅವರೇ ಟ್ರಂಕಿನ ಮುಚ್ಚಳ ಹಾಕಿ, "ಆ ಜನ ಕ್ಷಮಿಸಿದ್ದು ನನ್ನನ್ನಲ್ಲ. ಅದನ್ನು ವಾಪಸ್ ಕೇಳುವುದಕ್ಕೆ ನಾನು ಯಾರು" ಎಂದರು. ಆಮೇಲೆ ಆ ವಾರ ಬಂದಿದ್ದ ಮೂರು ಕಾಗದಗಳಿಗೆ ತಾವೇ ಉತ್ತರ ಬರೆಯುತ್ತೇನೆಂದು ಕೂತರು. ದಿನವಿಡೀ ಪೆನ್ನು ಕಚ್ಚಿ ಬರೆದದ್ದು ಇಷ್ಟು: "ಚೆಂಡು ನನ್ನ ಕೈಗೆ ಸೋಕಲಿಲ್ಲ. ಸೋಕಿದ್ದರೆ ಬಿಡುತ್ತಿರಲಿಲ್ಲ. ಆದರೂ ನಿಮ್ಮ ಮನಸ್ಸಿಗೆ ನೋವಾಯಿತಲ್ಲ, ಅದಕ್ಕೆ ನನಗೂ ಬೇಜಾರಿದೆ." ಗುರುಸಿದ್ದ ಓದಿ ನೋಡಿ, ಮೊದಲ ಸಲಕ್ಕೆ ಪರವಾಗಿಲ್ಲ ಎಂದು ತೀರ್ಪು ಕೊಟ್ಟ.

ಗುರುವಾರ ಬೆಳಿಗ್ಗೆ ಅಮ್ಮನನ್ನು ಕೈಹಿಡಿದು ಅಂಚೆ ಕೋಣೆಗೆ ಕರೆದೊಯ್ದೆ. ಲಕೋಟೆಯ ಮೇಲೆ ನಿಂಗಯ್ಯ ಮೊಲಿನಾ, ಗೋಲ್‌ಕೀಪರ್ ಮನೆ ಎಂದು ನಮ್ಮ ಮನೆಯ ವಿಳಾಸವನ್ನೇ ಬರೆದಿದ್ದೆ, ಬೇರೆ ವಿಳಾಸ ನಮಗೆ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಎದುರು ಮನೆಗೆ ಹಾಕಿದ ಕಾಗದವೂ ಚೀಲದಲ್ಲಿ ಹೊಳೆ ದಾಟಿ, ಆಚೆ ವಿಂಗಡಣೆಯಾಗಿ, ಮುಂದಿನ ಚೀಲದಲ್ಲಿ ವಾಪಸ್ ಬರುತ್ತದೆ. ಇದುವರೆಗೆ ಒಂದೂ ತಪ್ಪಿದ್ದಿಲ್ಲ. ಸಾಕಮ್ಮ ವಿಳಾಸ ಓದಿದಳು, ಅಮ್ಮನ ಮುಖ ನೋಡಿದಳು, ಮುದ್ರೆ ಒತ್ತಿದಳು. ಗೋಲ್‌ಕೀಪರ್ ಚೀಲವನ್ನು ತಾವೇ ಎತ್ತಿಕೊಂಡು ಹರಿಗೋಲು ಹತ್ತಿದರು. ಆಚೆ ದಡ ಮುಟ್ಟುವವರೆಗೂ ಅದನ್ನು ಎದೆಗೊತ್ತಿ ಎರಡೂ ಕೈಯಲ್ಲಿ ಹಿಡಿದಿದ್ದರು.

ಸೋಮವಾರ ಚೀಲ ಬಂತು. ನಮ್ಮ ಮನೆಗೆ ಎರಡು ಕಾಗದವಿದ್ದವು, ಎರಡೂ ಬೈಗುಳವೇ. ಅಮ್ಮನ ಕಾಗದ ಇರಲಿಲ್ಲ. ಗುರುವಾರದ ಚೀಲವನ್ನು ಸಾಕಮ್ಮ ಅಂಚೆ ಕೋಣೆಯ ಜಗಲಿಯ ಮೇಲೆ ಸುರಿದು ನನ್ನ ಕಣ್ಣೆದುರೇ ಎರಡು ಸಲ ತಡಕಿದಳು. ಅದರಲ್ಲೂ ಇರಲಿಲ್ಲ. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ವಾಪಸ್ ಬಂತಾ?"

"ಇಲ್ಲಮ್ಮ."

ಅವಳು ಹೊಳೆಯ ಕಡೆ ನೋಡಿದಳು. "ಅಂಗಾದ್ರೆ ತಲುಪ್ತು" ಎಂದು ಹೇಳಿ, ಸೊಪ್ಪು ಬಿಡಿಸಲು ಕೂತಳು.